ಉಪಕರಣದ ಋಣ

ಮನುಷ್ಯನು ತನ್ನ ಕೆಲಸಕ್ಕೆ ಉಪಕರಣವನ್ನು ಆರಿಸಿಕೊಳ್ಳುವಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳುತ್ತಾನೆ: ಇದು ಕೈಗೆ ಒಗ್ಗುವುದೆ? ಇದರ ಬೆಲೆ ಎಷ್ಟು? ಬಡಗಿಯು ಉಳಿಯನ್ನು ಕೊಳ್ಳುವಾಗಲೂ ರೈತನು ನೇಗಿಲನ್ನು ಮಾಡಿಸುವಾಗಲೂ ಇವೆರಡರ ಆಚೆಗೆ ಹೋಗುವುದಿಲ್ಲ. ಹೋಗಬೇಕಾದ ಅಗತ್ಯವೂ ಇಲ್ಲ. ಆದರೆ ಈಚಿನ ಕಾಲದಲ್ಲಿ ಹುಟ್ಟಿಕೊಂಡಿರುವ ಒಂದು ಬಗೆಯ ಉಪಕರಣಗಳ ವಿಷಯದಲ್ಲಿ ಮೂರನೆಯ ಪ್ರಶ್ನೆಯೊಂದನ್ನು ಕೇಳದೆ ವಿಧಿಯಿಲ್ಲ. ಇದನ್ನು ಹಿಡಿದವನು ಯಾರ ಋಣಕ್ಕೆ ಒಳಗಾಗುತ್ತಾನೆ? ಆ ಋಣವನ್ನು ಕೊನೆಗೆ ತೀರಿಸುವವರು ಯಾರು? ಮೊಬೈಲ್ ಫೋನಿನ ಆಟಗಳನ್ನೂ ಆ್ಯಪ್‌ಗಳನ್ನೂ ಒಮ್ಮೆ ಬರೆದು ಎಲ್ಲ ಯಂತ್ರಗಳ ಮೇಲೂ ಓಡಿಸುವ ಸಾಧನಗಳು ಈ ಜಾತಿಯವು.

ವಿಷಯವು ಕೆಲವು ವಾಚಕರಿಗೆ ಹೊಸದಾಗಿರಬಹುದಾದುದರಿಂದ ಅದರ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿಲ್ಲೆಯ ಊರೊಂದರಲ್ಲಿ ಒಬ್ಬ ತರುಣನು ಮಕ್ಕಳಿಗೆ ಕನ್ನಡದ ಅಕ್ಷರಗಳನ್ನು ಕಲಿಸುವ ಆಟವೊಂದನ್ನು ಕಟ್ಟಲು ಹೊರಟನೆಂದು ಇಟ್ಟುಕೊಳ್ಳೋಣ. ಅವನ ಅಕ್ಕನ ಮನೆಯಲ್ಲಿರುವುದು ಆ್ಯಂಡ್ರಾಯ್ಡ್ ಫೋನು. ಸೋದರಮಾವನ ಕೈಯಲ್ಲಿರುವುದು ಐಫೋನು. ಶಾಲೆಯಲ್ಲಿರುವುದು ವಿಂಡೋಸ್ ಕಂಪ್ಯೂಟರು. ಮೊದಲನೆಯದಕ್ಕೆ ಕಾಟ್ಲಿನ್ ಅಥವಾ ಜಾವಾ ಎಂಬ ಭಾಷೆ ಸಹಜ, ಎರಡನೆಯದಕ್ಕೆ ಸ್ವಿಫ್ಟ್, ಮೂರನೆಯದರ ರೀತಿಯೇ ಬೇರೆ. ಒಂದೇ ಆಟವನ್ನು ಮೂರು ಭಾಷೆಗಳಲ್ಲಿ ಮೂರು ಸಲ ಬರೆಯುವುದು, ಒಂದರಲ್ಲಿ ಕಂಡ ತಪ್ಪನ್ನು ಮೂರರಲ್ಲಿಯೂ ತಿದ್ದುವುದು, ಒಬ್ಬನಿಂದ ಆಗುವ ಕೆಲಸವಲ್ಲ. ಆದಕಾರಣ ಯಂತ್ರಕ್ಕೂ ಬರೆಯುವವನಿಗೂ ನಡುವೆ ದುಭಾಷಿಯಂತೆ ನಿಲ್ಲುವ ಸಾಧನವನ್ನು ಅವನು ಹುಡುಕುತ್ತಾನೆ. ಒಮ್ಮೆ ಬರೆದುದು ಎಲ್ಲೆಡೆ ಓಡಬೇಕೆಂಬ ಆಸೆ ಹಳೆಯದು. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪೆನಿಯು ಜಾವಾ ಭಾಷೆಯನ್ನು ಹೊರತಂದಾಗ ಆ ಆಸೆಯನ್ನೇ ತನ್ನ ಘೋಷವಾಗಿ ಸಾರಿತು. ಇಂದು ಆಟಗಳಿಗೆ ಯೂನಿಟಿ, ಅನ್‌ರಿಯಲ್, ಗೊಡೊ ಮೊದಲಾದ ಎಂಜಿನ್‌ಗಳೂ, ಇತರ ಆ್ಯಪ್‌ಗಳಿಗೆ ಗೂಗಲ್ ಕಂಪೆನಿಯ ಫ್ಲಟರ್, ಫೇಸ್‌ಬುಕ್ ಕಂಪೆನಿಯು 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್ ಮೊದಲಾದವೂ ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು ಆಯಾ ಫೋನಿನ ಸ್ವಂತ ಗುಂಡಿಗಳನ್ನೂ ಪಟ್ಟಿಗಳನ್ನೂ ಕರೆದು ಕೆಲಸ ಮಾಡಿಸುತ್ತವೆ. ಮತ್ತೆ ಕೆಲವು ಪರದೆಯನ್ನು ಬರಿಯ ಬಟ್ಟೆಯೆಂದು ಭಾವಿಸಿ ಮೊದಲ ಚುಕ್ಕೆಯಿಂದ ಎಲ್ಲವನ್ನೂ ತಾವೇ ಬರೆಯುತ್ತವೆ. ಈ ಭೇದದ ಮಾತು ಮುಂದೆ ಬರುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಸಾಧನವೆಂಬುದು ಸಾಧನ ಮಾತ್ರ. ಆಟವು ಚೆನ್ನಾಗಿದ್ದರೆ ಮಗು ನಲಿಯುತ್ತದೆ, ಇಲ್ಲವಾದರೆ ಬದಿಗಿಡುತ್ತದೆ. ಅದನ್ನು ಯಾವ ಎಂಜಿನ್ನಿನಿಂದ ಕಟ್ಟಿದರೆಂದು ಯಾವ ಮಗುವೂ ಕೇಳದು. ಅಗ್ಗವಾದುದನ್ನೋ ಸುಲಭವಾದುದನ್ನೋ ಹಿಡಿದು ಕೆಲಸ ಮುಗಿಸುವುದನ್ನು ಬಿಟ್ಟು ಧರ್ಮಾಧರ್ಮಗಳ ವಿಚಾರವನ್ನು ಇಲ್ಲಿ ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಬಿಟ್ಟಂತೆ. ಈ ಮಾತು ಮೇಲುನೋಟಕ್ಕೆ ಯುಕ್ತವಾಗಿಯೇ ಕಾಣುತ್ತದೆ. ಅದರಲ್ಲಿ ತಪ್ಪಿರುವುದು ಉಳಿಯ ಉಪಮಾನದಲ್ಲಿ. ಬಾಗಿಲು ಮುಗಿದ ಮೇಲೆ ಉಳಿಯು ಬಡಗಿಯ ಚೀಲಕ್ಕೆ ಹಿಂದಿರುಗುತ್ತದೆ. ಬಾಗಿಲಿನಲ್ಲಿ ಅದರ ಅಂಶವೇನೂ ಉಳಿಯುವುದಿಲ್ಲ. ಉಳಿಯನ್ನು ಮಾಡಿದ ಕಮ್ಮಾರನು ಸತ್ತರೂ ಮುನಿದರೂ ಬಾಗಿಲಿಗೆ ಬಾಧೆಯಿಲ್ಲ. ಆಟದ ಎಂಜಿನ್ನು ಹಾಗಲ್ಲ. ಕಟ್ಟಿ ಮುಗಿಸಿದ ಆಟದ ಒಡಲಿನಲ್ಲಿಯೇ ಅದರ ಬಹುಭಾಗವು ಸೇರಿ, ಆಟ ನಡೆಯುವಷ್ಟು ಕಾಲವೂ ನಡೆಯುತ್ತಿರುತ್ತದೆ. ಅದು ಉಳಿಯಲ್ಲ, ಗೋಡೆಯೊಳಗಿನ ಗಾರೆ. ಫೋನಿನ ವ್ಯವಸ್ಥೆಯು ವರ್ಷವರ್ಷವೂ ಹೊಸದಾಗುತ್ತಿರುವುದರಿಂದ ಆ ಗಾರೆಯನ್ನು ಕಾಲಕಾಲಕ್ಕೆ ಹೊಸದಾಗಿ ಬಳಿಯುತ್ತಿರಬೇಕು; ಬಳಿಯತಕ್ಕವನು ಮನೆಯ ಯಜಮಾನನಲ್ಲ, ಗಾರೆಯ ಅಂಗಡಿಯವನು. ಆದುದರಿಂದ ಸಾಧನವನ್ನು ಆರಿಸಿದವನು ತಾನೊಬ್ಬನೇ ಕಟ್ಟುಬೀಳುವುದಿಲ್ಲ. ತನ್ನ ಕೆಲಸವನ್ನು ನಂಬಿ ಬರುವ ಅಪರಿಚಿತರನ್ನೂ ಅವರ ಅರಿವಿಲ್ಲದೆಯೇ ಕಟ್ಟುಗೊಳಿಸುತ್ತಾನೆ. ನೀತಿಯ ಪ್ರಶ್ನೆಯು ಹುಟ್ಟುವುದು ಇಲ್ಲಿ.

ಗಾರೆಯ ಅಂಗಡಿ ಮುಚ್ಚಿದರೆ ಏನಾಗುವುದೆಂಬುದಕ್ಕೆ ಫ್ಲ್ಯಾಷ್ ಎಂಬ ಸಾಧನದ ಚರಿತ್ರೆಯೇ ಸಾಕ್ಷಿ. ಮ್ಯಾಕ್ರೋಮೀಡಿಯಾ ಕಂಪೆನಿಯದಾಗಿದ್ದು 2005ರಲ್ಲಿ ಅಡೋಬಿಯ ವಶಕ್ಕೆ ಬಂದ ಈ ಸಾಧನದಿಂದ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಚಿಕ್ಕ ಆಟಗಳೂ ಚಲಿಸುವ ಚಿತ್ರಗಳೂ ಹುಟ್ಟಿದವು. ಅವುಗಳನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳು, ಹವ್ಯಾಸಿಗಳು. 2010ರ ಏಪ್ರಿಲಿನಲ್ಲಿ ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಅವರು ಬಹಿರಂಗ ಪತ್ರವೊಂದನ್ನು ಬರೆದು, ಐಫೋನಿನಲ್ಲಿ ಫ್ಲ್ಯಾಷಿಗೆ ಎಡೆಯಿಲ್ಲವೆಂಬುದಕ್ಕೆ ಕಾರಣಗಳನ್ನು ಕೊಟ್ಟರು. ಬ್ಯಾಟರಿಯ ಖರ್ಚು, ಭದ್ರತೆಯ ಕೊರತೆ ಮೊದಲಾದ ಕಾರಣಗಳ ಜೊತೆಗೆ ಅವರು ಮುಖ್ಯವೆಂದು ಹೇಳಿದುದು ಇದು: ಯಂತ್ರಕ್ಕೂ ಬರೆಯುವವನಿಗೂ ನಡುವೆ ಮೂರನೆಯವನೊಬ್ಬನು ನಿಂತರೆ, ಯಂತ್ರದ ಹೊಸ ಶಕ್ತಿಗಳು ಆ ಮೂರನೆಯವನು ಒಪ್ಪಿದಾಗ ಮಾತ್ರ ಬರೆಯುವವನಿಗೆ ದಕ್ಕುತ್ತವೆ. ಮಾತು ನಿಜವೇ. ಆದರೆ ಅದೇ ತಿಂಗಳಿನಲ್ಲಿ ಅದೇ ಕಂಪೆನಿಯು ಬೇರೆ ಭಾಷೆಯಲ್ಲಿ ಬರೆದು ಮಾರ್ಪಡಿಸಿದ ಆ್ಯಪ್‌ಗಳನ್ನೇ ತನ್ನ ಅಂಗಡಿಯಿಂದ ನಿಷೇಧಿಸಹೊರಟು, ಸೆಪ್ಟೆಂಬರಿನಲ್ಲಿ ಆ ನಿಯಮವನ್ನು ಸಡಿಲಿಸಿತು. ಮೂರನೆಯವನ ದಾಸ್ಯವನ್ನು ಖಂಡಿಸಿದ ಎರಡನೆಯವನೂ ತನ್ನ ದಾಸ್ಯವನ್ನು ಮಾತ್ರ ದಾಸ್ಯವೆಂದು ಎಣಿಸಲಿಲ್ಲವೆಂಬುದನ್ನು ಗಮನಿಸಬೇಕು. ಅದಂತಿರಲಿ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಷಿನ ಪೋಷಣೆ ನಿಂತಿತು. 2021ರ ಜನವರಿ 12ರಿಂದ ಅದರ ಆಟಗಳು ತೆರೆಯದಂತೆ ಅಡೋಬಿಯೇ ತಡೆಗಟ್ಟಿತು. ಒಂದು ಪೀಳಿಗೆಯ ಮಕ್ಕಳು ಆಡಿ ಬೆಳೆದುದು ಮುಟ್ಟಿದರೆ ಓಗೊಡದ ಕಡತವಾಯಿತು. ರಫಲ್ ಎಂಬ, ಎಲ್ಲರಿಗೂ ತೆರೆದ ಒಂದು ತಂತ್ರಾಂಶವನ್ನು ಸ್ವಯಂಸೇವಕರು ಕಟ್ಟಿದುದರಿಂದಲೂ, ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು 2020ರ ನವೆಂಬರಿನಿಂದ ಅದರ ನೆರವಿನಲ್ಲಿ ಹಳೆಯ ಆಟಗಳನ್ನು ಕಾಪಿಡಲು ತೊಡಗಿದುದರಿಂದಲೂ ಕೆಲವು ಉಳಿದುಕೊಂಡವು. ಇವರಾರೂ ಆ ಆಟಗಳಿಂದ ಲಾಭ ಪಡೆದವರಲ್ಲ. ಋಣ ಮಾಡಿದವರು ಒಬ್ಬರು, ತೀರಿಸಿದವರು ಮತ್ತೊಬ್ಬರು.

ಅಂಗಡಿ ಮುಚ್ಚುವುದು ಒಂದು ಬಗೆಯ ಕಷ್ಟ. ಅಂಗಡಿಯವನು ತೆರೆದ ಅಂಗಡಿಯಲ್ಲಿಯೇ ಕುಳಿತು ಮಾತು ಬದಲಿಸುವುದು ಇನ್ನೊಂದು ಬಗೆಯದು. ವಿಚಾರಕ್ಕೆ ಹೆಚ್ಚು ಒಳಪಡತಕ್ಕದ್ದು ಇದೇ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಮೂವರು ತರುಣರು 2004ರಲ್ಲಿ ಒಂದು ಚಿಕ್ಕ ಕಂಪೆನಿಯನ್ನು ಹೂಡಿದರು. ಅವರು ಕಟ್ಟಿದ ಗೂಬಾಲ್ ಎಂಬ ಆಟಕ್ಕೆ ಗಿರಾಕಿಗಳು ಸಾಲದಾದರು. ಆದರೆ ಆ ಆಟಕ್ಕಾಗಿ ಮಾಡಿಕೊಂಡಿದ್ದ ಸಾಧನವು ಆಟಕ್ಕಿಂತ ಬೆಲೆಯುಳ್ಳದ್ದೆಂದು ಕಂಡು 2005ರಲ್ಲಿ ಅದನ್ನೇ ಯೂನಿಟಿ ಎಂಬ ಹೆಸರಿನಿಂದ ಮಾರಿದರು. ಬಂಡವಾಳವಿಲ್ಲದ ಜನರಿಗೆ ಆಟ ಕಟ್ಟುವ ವಿದ್ಯೆಯನ್ನು ಎಟುಕಿಸಿದ ಪುಣ್ಯದಲ್ಲಿ ಯೂನಿಟಿಗೆ ದೊಡ್ಡ ಪಾಲು ಸಲ್ಲುತ್ತದೆ. ಗಳಿಕೆ ಕಡಮೆಯಿರುವವರಿಗೆ ಅದು ಉಚಿತವಾಗಿ ದೊರೆಯುತ್ತಿತ್ತು. 2019ರಲ್ಲಿ ಬೇರೊಂದು ಕಂಪೆನಿಯೊಡನೆ ಎದ್ದ ವಿವಾದದ ಬಳಿಕ, ಯಾವ ಆವೃತ್ತಿಯನ್ನು ಬಳಸುತ್ತಾರೋ ಆ ಆವೃತ್ತಿಯ ಕರಾರಿಗೇ ಬದ್ಧರಾಗಿ ಉಳಿಯಬಹುದೆಂಬ ಭರವಸೆಯನ್ನೂ ಅದು ಕೊಟ್ಟಿತು. ಮುಂದೆ ಆ ಮಾತು ಕರಾರಿನಿಂದ ಸದ್ದಿಲ್ಲದೆ ಜಾರಿಹೋಯಿತು.

2023ರ ಸೆಪ್ಟೆಂಬರ್ 12ರಂದು ಯೂನಿಟಿ ಕಂಪೆನಿಯು ಹೊಸ ಶುಲ್ಕವನ್ನು ಸಾರಿತು. ಉಚಿತ ದರ್ಜೆಯಲ್ಲಿ ಕಟ್ಟಿದ ಆಟವು ಒಂದು ವರ್ಷದಲ್ಲಿ 2 ಲಕ್ಷ ಡಾಲರು ಗಳಿಸಿ, ಒಟ್ಟು 2 ಲಕ್ಷ ಸಲ ಫೋನುಗಳಲ್ಲಿ ಸ್ಥಾಪಿತವಾಗಿದ್ದರೆ, ಆ ಮೇರೆಯ ನಂತರದ ಪ್ರತಿಯೊಂದು ಹೊಸ ಸ್ಥಾಪನೆಗೂ 20 ಸೆಂಟು ತೆರಬೇಕು. 2024ರ ಜನವರಿ 1ರಿಂದ ಇದು ಜಾರಿ. ಆಗಲೇ ಕಟ್ಟಿ ಮಾರಾಟಕ್ಕಿಟ್ಟಿದ್ದ ಆಟಗಳಿಗೂ ಇದು ಅನ್ವಯಿಸುತ್ತಿತ್ತು. ಇದರ ಪರಿಣಾಮವನ್ನು ಅರಿಯಲು ಗಣಿತಶಾಸ್ತ್ರಜ್ಞನೇನೂ ಬೇಕಾಗಿಲ್ಲ. ಉಚಿತವಾಗಿ ಹಂಚಿ, ಜಾಹೀರಾತಿನಿಂದ ಪ್ರತಿ ಸ್ಥಾಪನೆಗೆ ಸರಾಸರಿ 10 ಸೆಂಟು ಗಳಿಸುವ ಆಟವಿದ್ದರೆ, ಮೇರೆ ದಾಟಿದ ಮೇಲೆ ಬರುವ ಪ್ರತಿಯೊಬ್ಬ ಹೊಸ ಆಟಗಾರನೂ 10 ಸೆಂಟಿನ ನಷ್ಟವನ್ನು ಹೊತ್ತು ತರುತ್ತಾನೆ. ಅತಿಥಿ ಹೆಚ್ಚಿದಷ್ಟೂ ಮನೆ ಮುಳುಗುವ ಸ್ಥಿತಿ! ಜಗತ್ತಿನ ಆಟಗಾರಿಕೆಯವರೆಲ್ಲ ಎದ್ದು ಕೂಗಿದರು. ಹತ್ತು ದಿನಗಳೊಳಗೆ, ಅಂದರೆ ಸೆಪ್ಟೆಂಬರ್ 22ರಂದು, ಕಂಪೆನಿಯು ಕ್ಷಮೆ ಕೋರಿ, ಉಚಿತ ದರ್ಜೆಯವರನ್ನು ಬಿಟ್ಟು, ಮುಂದಿನ ಆವೃತ್ತಿಯಿಂದ ಕಟ್ಟುವ ಆಟಗಳಿಗೆ ಮಾತ್ರ ಶುಲ್ಕವೆಂದು ತಿದ್ದಿತು. ಅಕ್ಟೋಬರಿನಲ್ಲಿ ಅದರ ಮುಖ್ಯಾಧಿಕಾರಿ ಜಾನ್ ರಿಚಿಟೆಲೊ ಅವರು ಸ್ಥಾನ ತೆರವು ಮಾಡಿದರು. 2024ರ ಸೆಪ್ಟೆಂಬರಿನಲ್ಲಿ ಆಟಗಳ ಮೇಲಿನ ಆ ಶುಲ್ಕವೇ ರದ್ದಾಯಿತು.

ಕಂಪೆನಿಯ ಪಕ್ಷದಲ್ಲಿಯೂ ಹೇಳತಕ್ಕದ್ದು ಉಂಟು. ಸಾವಿರಾರು ಮಂದಿ ನೌಕರರನ್ನು ಸಾಕುವ ಸಂಸ್ಥೆಯು ವರ್ಷಾನುವರ್ಷವೂ ನಷ್ಟವನ್ನು ನುಂಗಿಕೊಂಡು ಇರಲಾರದು. ಉಚಿತವಾಗಿ ಪಡೆದವರು, ಕೊಡುವವನ ಗಂಟಲು ಒಣಗಿದಾಗ ನೀರು ಕೊಡಲು ಹಿಂಜರಿಯುವುದೂ ನ್ಯಾಯವಲ್ಲ. ಬೆಲೆ ಏರಿಸಿದುದಷ್ಟೇ ಅದರ ಅಪರಾಧವಾಗಿದ್ದರೆ ಇಷ್ಟು ಕೋಲಾಹಲವೂ ಏಳುತ್ತಿರಲಿಲ್ಲ. ನೊಂದುದು ಎಲ್ಲೆಂದರೆ, ಹಿಂದೆ ಆಡಿದ ಮಾತನ್ನು ಮುಂದಿನದಕ್ಕಲ್ಲದೆ ಹಿಂದಿನದಕ್ಕೂ ತಿರುಗಿಸಿ ಮುರಿದಲ್ಲಿ. ಬೀಜಕ್ಕೆ ನಾಳೆಯಿಂದ ಹೆಚ್ಚು ಬೆಲೆಯೆನ್ನುವುದು ವ್ಯಾಪಾರ. ಹಿಂದಿನ ವರ್ಷ ಮಾರಿದ ಬೀಜದಿಂದ ಬೆಳೆದ ಪೈರಿನ ಮೇಲೆ ಈಗ ತೆರಿಗೆ ಹಾಕುತ್ತೇನೆನ್ನುವುದು ವ್ಯಾಪಾರವಲ್ಲ. ವಚನವೆಂಬುದು ಇಬ್ಬರ ನಡುವೆ ಕಾಲಕ್ಕೆ ಹಾಕಿದ ಸೇತುವೆ; ಒಬ್ಬನು ತನ್ನ ತುದಿಯನ್ನು ಕಿತ್ತರೆ ನಡುವೆ ನಡೆಯುತ್ತಿರುವವನ ಗತಿ ಏನು? ಮೆಗಾ ಕ್ರಿಟ್ ಎಂಬ ಚಿಕ್ಕ ಸಂಸ್ಥೆಯವರು ತಮ್ಮ ಹೊಸ ಆಟದ ಮೇಲೆ ಎರಡು ವರ್ಷಗಳಿಗೂ ಮಿಕ್ಕಿ ಯೂನಿಟಿಯಲ್ಲಿ ದುಡಿದಿದ್ದರು. ಈ ಘಟನೆಯ ಬಳಿಕ ಆ ದುಡಿಮೆಯನ್ನು ಬದಿಗೊತ್ತಿ ಗೊಡೊ ಎಂಜಿನ್ನಿಗೆ ತೆರಳಿದರು. ಶುಲ್ಕವು ರದ್ದಾದ ಮೇಲೆಯೂ ಅವರು ಹಿಂದಿರುಗಲಿಲ್ಲ.

ಈ ಗೊಡೊ ಎಂಬುದು ಅರ್ಜೆಂಟೀನಾ ದೇಶದ ಹ್ವಾನ್ ಲಿನಿಯೆಟ್ಸ್ಕಿ, ಆರಿಯೆಲ್ ಮನ್ಸೂರ್ ಎಂಬಿಬ್ಬರು ಕಟ್ಟಿ, 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಎಂಜಿನ್ನು. ಬೆಕೆಟ್ ಎಂಬ ನಾಟಕಕಾರನ ಪ್ರಸಿದ್ಧ ನಾಟಕದಲ್ಲಿ ಎಷ್ಟು ಕಾದರೂ ಬಾರದ ವ್ಯಕ್ತಿಯ ಹೆಸರನ್ನು ಅದಕ್ಕಿಟ್ಟಿರುವುದರಲ್ಲಿ ಒಂದು ವಿನಯವಿದೆ: ಪೂರ್ಣತೆ ಎಂದೂ ಬರುವುದಿಲ್ಲ, ಕಾಯುತ್ತಿರಬೇಕು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮಾರಬಹುದು. ಒಮ್ಮೆ ಪಡೆದ ಆವೃತ್ತಿಯ ಹಕ್ಕನ್ನು ಕೊಟ್ಟವನೇ ಹಿಂದಕ್ಕೆ ಕೇಳಲಾರ. ಹಾಗೆಂದ ಮಾತ್ರಕ್ಕೆ ಅಲ್ಲಿ ಋಣವಿಲ್ಲವೆಂದು ಭಾವಿಸಕೂಡದು. ಊರ ಕೆರೆಯ ನೀರಿಗೆ ಬೆಲೆಯಿಲ್ಲ. ಆದರೆ ಹೂಳೆತ್ತುವವರು ಬೇಕು. ಯೂನಿಟಿಯ ಗಲಭೆಯ ಕಾಲದಲ್ಲಿ ಟೆರೇರಿಯಾ ಎಂಬ ಆಟದ ಕರ್ತರಾದ ರೀ-ಲಾಜಿಕ್ ಸಂಸ್ಥೆಯವರು ಗೊಡೊವಿಗೂ ಎಫ್‌ಎನ್‌ಎ ಎಂಬ ಇನ್ನೊಂದು ತೆರೆದ ಸಾಧನಕ್ಕೂ ತಲಾ 1 ಲಕ್ಷ ಡಾಲರು ಕೊಟ್ಟು, ತಿಂಗಳಿಗೆ ಸಾವಿರದಂತೆ ಮುಂದುವರಿಸುವುದಾಗಿ ಸಾರಿದರು. ಗೊಡೊವಿನಲ್ಲಿ ತಾವು ಆಟ ಕಟ್ಟದೆಯೇ ಅವರು ಹೂಳೆತ್ತಲು ಬಂದರೆಂಬುದು ಗಮನಾರ್ಹ. ಮತ್ತೊಂದು ತೊಡಕೂ ಇದೆ: ಮನೆಯ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳ ಕಂಪೆನಿಗಳು ತಮ್ಮ ಒಳಗುಟ್ಟನ್ನು ಗೋಪ್ಯದ ಕರಾರಿನ ಮೇಲೆ ಮಾತ್ರ ಕೊಡುವುದರಿಂದ, ಎಲ್ಲವನ್ನೂ ಬಯಲಿನಲ್ಲಿಡುವ ಗೊಡೊ ಆ ಯಂತ್ರಗಳಿಗೆ ಬೇಕಾದ ಭಾಗವನ್ನು ತನ್ನಲ್ಲಿ ಸೇರಿಸಿಕೊಳ್ಳಲಾರದು. ಅಲ್ಲಿಗೆ ಹೋಗಬೇಕಾದವನು ಹಣ ತೆತ್ತು ಮತ್ತೊಬ್ಬರ ನೆರವು ಪಡೆಯಬೇಕು.

ಒಡೆಯನಿದ್ದ ಸಾಧನವೂ ಬಳಸುವವರ ಪ್ರೀತಿಯಿಂದ ಪುನರ್ಜನ್ಮ ಪಡೆಯುವುದುಂಟು. ಮೈಕ್ರೋಸಾಫ್ಟ್ 2006ರಲ್ಲಿ ಹೊರತಂದ ಎಕ್ಸ್‌ಎನ್‌ಎ ಎಂಬ ಸಾಧನವನ್ನು ಅದೇ ಕಂಪೆನಿಯು 2014ರಲ್ಲಿ ಕೈಬಿಟ್ಟಿತು. ಆದರೆ ಅದರ ಕರೆಗಳ ಹೆಸರುಗಳನ್ನು ಹಾಗೆಯೇ ಉಳಿಸಿ, ಒಳಗನ್ನು ಹೊಸದಾಗಿ ಬರೆದು, ಸ್ವಯಂಸೇವಕರು ಮಾನೊಗೇಮ್, ಎಫ್‌ಎನ್‌ಎ ಎಂಬ ಎರಡನ್ನು ನಿಲ್ಲಿಸಿದರು. ಎರಿಕ್ ಬರೋನ್ ಎಂಬೊಬ್ಬರೇ ಕಟ್ಟಿ 2016ರಲ್ಲಿ ಹೊರತಂದ, ಹೊಲಗೆಲಸದ ಆಟವಾದ ಸ್ಟಾರ್‌ಡ್ಯೂ ವ್ಯಾಲಿ ಎಕ್ಸ್‌ಎನ್‌ಎ ತಳಹದಿಯ ಮೇಲೆ ಹುಟ್ಟಿ 2021ರಲ್ಲಿ ಮಾನೊಗೇಮಿಗೆ ಬಂದು ನಿಂತಿತು. ಅಡಿಪಾಯವನ್ನು ಬದಲಿಸಿದರೂ ಮನೆ ಬೀಳಲಿಲ್ಲ.

ಇದುವರೆಗೆ ವಚನದ ಮಾತಾಯಿತು. ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು: ಎಲ್ಲ ಕಡೆಯೂ ಒಂದೇ ಆಗಿರುವುದು ಎಲ್ಲರಿಗೂ ಸಲ್ಲುವುದೆ? ಕನ್ನಡದ ವಾಚಕರಿಗೆ ಇದು ದೂರದ ಮಾತಲ್ಲ. ಕಂಪ್ಯೂಟರಿನ ಸಂಕೇತದಲ್ಲಿ ಕನ್ನಡದ ಪದವು ಉಚ್ಚಾರಣೆಯ ಕ್ರಮದಲ್ಲಿ ಇರುತ್ತದೆ. ಕಣ್ಣಿಗೆ ಕಾಣುವ ಕ್ರಮವೇ ಬೇರೆ. ‘ಸೂರ್ಯ’ ಎನ್ನುವಾಗ ರಕಾರವು ಮೊದಲು ಕೇಳುತ್ತದೆ. ಬರೆಯುವಾಗ ಯಕಾರವು ಮುಂದೆ ನಿಂತು ಅರ್ಕಾವೊತ್ತು ಹಿಂದೆ ಬರುತ್ತದೆ. ‘ರಾಷ್ಟ್ರ’ದಲ್ಲಿ ಒತ್ತಿನ ಕೆಳಗೆ ಒತ್ತು. ಈ ಜೋಡಣೆಯನ್ನು ಬಲ್ಲ ಪ್ರತ್ಯೇಕವಾದ ಯಂತ್ರಭಾಗವೊಂದು ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಹರಿದ ಮಾಲೆಯ ಹೂವಿನಂತೆ ಸಾಲಾಗಿ ಚೆಲ್ಲಿಬೀಳುತ್ತವೆ. ಫೋನಿನ ಸ್ವಂತ ಗುಂಡಿಗಳನ್ನು ಕರೆಯುವ ಸಾಧನಗಳಿಗೆ ಫೋನೇ ಈ ಕೆಲಸ ಮಾಡಿಕೊಡುತ್ತದೆ. ಎಲ್ಲವನ್ನೂ ತಾನೇ ಬರೆಯುವ ಸಾಧನವು ಇದನ್ನೂ ತಾನೇ ಕಲಿತಿರಬೇಕು. ಫ್ಲಟರ್ ಕಲಿತಿದೆ, ಗೊಡೊ ಕಲಿತುದು 2023ರ ಮಾರ್ಚಿನಲ್ಲಿ ಬಂದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ, ಎಲ್ಲ ಯಂತ್ರಗಳ ಮೇಲೂ ಓಡುವೆನೆಂದು ಸಾರುತ್ತಿದ್ದ ಅದೇ ಸಾಧನವು ಎಲ್ಲ ಯಂತ್ರಗಳ ಮೇಲೂ ಒಂದೇ ಸಮನಾಗಿ ಕನ್ನಡವನ್ನು ಕೆಡಿಸಿ ಬರೆಯುತ್ತಿತ್ತು. ಕಣ್ಣಿಲ್ಲದವರ ಸ್ಥಿತಿಯೂ ಹೀಗೆಯೇ. ಪರದೆಯ ಮೇಲಿನದನ್ನು ಓದಿ ಹೇಳುವ ಸೌಕರ್ಯವು ಫೋನಿನಲ್ಲಿದೆ. ಆದರೆ ಎಂಜಿನ್ನು ಬರೆದ ಚಿತ್ರದಲ್ಲಿ ಗುಂಡಿ ಯಾವುದು, ಗೋಡೆ ಯಾವುದು ಎಂದು ಎಂಜಿನ್ನೇ ಬಾಯಿಬಿಟ್ಟು ತಿಳಿಸಿದ ಹೊರತು ಆ ಸೌಕರ್ಯವು ಮೂಕವಾಗುತ್ತದೆ. ಗೊಡೊ ಆ ಕಡೆಗೆ ತಿರುಗಿದುದು 2025ರಲ್ಲಿ ಬಂದ 4.5ನೆಯ ಆವೃತ್ತಿಯಲ್ಲಿ.

ಸಂಗೀತದಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಹಾರ್ಮೋನಿಯಮ್ಮು ಎಲ್ಲರ ಮನೆಗೂ ಬಂದ ವಾದ್ಯ, ಬೆರಳಿಟ್ಟರೆ ಸ್ವರ. ಆದರೆ ಅದರ ಸ್ವರಗಳು ಕಾರ್ಖಾನೆಯಲ್ಲಿಯೇ ನಿಶ್ಚಿತವಾದವು. ಗಮಕವನ್ನು ಬಯಸುವವನು ಏನು ಮಾಡಿದರೂ ಅದು ಜಾರುವುದಿಲ್ಲ, ತೂಗುವುದಿಲ್ಲ. ಆಕಾಶವಾಣಿಯು 1940ರಲ್ಲಿ ಅದನ್ನು ನಿಷೇಧಿಸಿ 1971ರವರೆಗೂ ಹೊರಗಿಟ್ಟಿತು. ಅದು ಅತಿಯಾಯಿತೆಂದು ಎನ್ನುವವರೂ ಉಂಟು. ಪಿಟೀಲೂ ಪರದೇಶದಿಂದಲೇ ಬಂದುದು. ಅದರ ತಂತಿಗಳ ಶ್ರುತಿಯನ್ನು ಇಲ್ಲಿಯವರು ಬದಲಿಸಿದರು, ನಿಂತು ನುಡಿಸುವುದನ್ನು ಕುಳಿತು ನುಡಿಸಿದರು. ಮೈಸೂರಿನ ಚೌಡಯ್ಯನವರು ದೊಡ್ಡ ಸಭೆಗಳಲ್ಲಿ ನಾದವು ಸಾಲದೆಂದು ನಾಲ್ಕು ತಂತಿಗಳನ್ನು ಏಳು ಮಾಡಿದರು. ಎರಡೂ ಎರವಲು ವಾದ್ಯಗಳೇ. ಒಂದು ತಿದ್ದುವ ಕೈಗೆ ಒಳಗಾಯಿತು, ಇನ್ನೊಂದು ಆಗಲಿಲ್ಲ.

ಆದರೆ ಬಡವನ ಮಾತನ್ನು ಮರೆತು ಮಾಡಿದ ನಿರ್ಣಯವು ನಿರ್ಣಯವಲ್ಲ. ಹಣವಿದ್ದವರು ಬೇಡವೆನಿಸಿದ ಸಾಧನವನ್ನು ಬಿಟ್ಟು ಹೋಗಬಲ್ಲರು. ಏರ್‌ಬಿಎನ್‌ಬಿ ಎಂಬ ದೊಡ್ಡ ಕಂಪೆನಿಯು 2018ರಲ್ಲಿ ರಿಯಾಕ್ಟ್ ನೇಟಿವನ್ನು ತೊರೆದು, ಎರಡು ಬಗೆಯ ಫೋನುಗಳಿಗೂ ಬೇರೆಬೇರೆಯಾಗಿಯೇ ಬರೆಯುವುದಾಗಿ ತಿಳಿಸಿತು. ಅದಕ್ಕೆ ಎರಡು ತಂಡಗಳನ್ನು ಇಡುವ ಶಕ್ತಿಯಿತ್ತು. ನಮ್ಮ ಊರಿನ ತರುಣನಿಗೆ ಅದು ಎಲ್ಲಿಂದ ಬರಬೇಕು? ಒಡೆಯನುಳ್ಳ ಸಾಧನವನ್ನು ಹಿಡಿದುದಕ್ಕೆ ಅವನನ್ನು ದೂರುವುದು, ಬಾಡಿಗೆಯ ಮನೆಯಲ್ಲಿರುವವನನ್ನು ಸ್ವಂತ ಮನೆಯಿಲ್ಲವೆಂದು ಹಳಿದಂತೆ. ಅವನಿಂದ ಅಪೇಕ್ಷಿಸತಕ್ಕದ್ದು ಬೇರೆ: ತಾನು ಬಾಡಿಗೆಯಲ್ಲಿದ್ದೇನೆಂಬ ಅರಿವು, ಮನೆಗೆ ಕರೆದವರಿಂದ ಅದನ್ನು ಮುಚ್ಚಿಡದಿರುವ ಪ್ರಾಮಾಣಿಕತೆ. ಐದು ವರ್ಷ ಇದು ನಡೆಯುವುದೆಂದು ಶಾಲೆಗೆ ಮಾತು ಕೊಡುವಾಗ, ಆ ಐದು ವರ್ಷಗಳಲ್ಲಿ ಎಷ್ಟು ತನ್ನ ಕೈಯಲ್ಲಿದೆ, ಎಷ್ಟು ಸಾವಿರಾರು ಮೈಲಿಯಾಚೆಯ ಕಚೇರಿಯವರ ಕೈಯಲ್ಲಿದೆ ಎಂದು ಎಣಿಸಿ ಮಾತು ಕೊಡಬೇಕು. ಇಷ್ಟನ್ನೂ ಕೇಳದಿದ್ದರೆ ಬಡತನಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಬಡವನಿಗೆ ವಚನದ ಭಾರವೇ ಇಲ್ಲವೆಂದು ಅವನನ್ನು ಕಿರಿದುಮಾಡಿದಂತಾಗುತ್ತದೆ.

ಇಂಥ ತರುಣನು ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಕೈಗೆ ಸಿಕ್ಕ ಸಾಧನಗಳಲ್ಲಿ ಒಂದೊಂದನ್ನೂ ತೆರೆದು ‘ಸೂರ್ಯ’, ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು, ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ಓಡಿಸಿ ನೋಡುವುದು. ಉಳಿದುಕೊಂಡವುಗಳ ಕರಾರನ್ನು, ಅದರಲ್ಲಿಯೂ ಕರಾರನ್ನೇ ಬದಲಿಸುವ ಹಕ್ಕು ಯಾರದೆಂಬ ಭಾಗವನ್ನು, ಕೂತು ಓದುವುದು. ಆಮೇಲೆ ಯಾವುದನ್ನು ಹಿಡಿದರೂ, ತನ್ನ ಕೈಯಿಂದ ಬರೆದ ಅಕ್ಷರಗಳ ಚಿತ್ರಗಳನ್ನೂ ಪಾಠದ ಕ್ರಮವನ್ನೂ ಎಂಜಿನ್ನಿನ ಗೂಡಿನೊಳಗೆ ಹುದುಗಿಸದೆ, ಯಾವ ಯಂತ್ರವೂ ಓದಬಲ್ಲ ಸಾದಾ ಕಡತಗಳಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು. ಅಜ್ಜಿಯನ್ನು ಕೂರಿಸಿ ಅವರ ಧ್ವನಿಯಲ್ಲಿ ತುಂಬಿಕೊಂಡ ನಲವತ್ತೊಂಬತ್ತು ಅಕ್ಷರಗಳ ಮುದ್ರಿಕೆ ಇದ್ದರೆ ಅದನ್ನಂತೂ ಎರಡು ಕಡೆ ಇಡಬೇಕು. ಎಂಜಿನ್ನನ್ನು ಮತ್ತೊಮ್ಮೆ ಬದಲಿಸಬಹುದು.